ಆಲೂಗಡ್ಡೆ ತಿಂದು ಕೊಬ್ಬಿದ ಬೂಷ್ಟು

ಹೆಣ್ಣು ನೋಡಲು ಬಂದ ದಿನ ನಮ್ಮ ಮಾವನವರು ಕೇಳಿದ ಮೊದಲ ಪ್ರಶ್ನೆಗೆ ನಾನು ಕೊಟ್ಟ ಉತ್ತರದಿಂದ ಸಂಬಂಧವೇ ಮುರಿದುಬೀಳುವುದರಲ್ಲಿತ್ತು.

ಮರ್ಫಿ ಟೌನಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಉಪ್ಪಿಟ್ಟು, ಕೇಸರಿಬಾತು ಮುಗಿದಿತ್ತು. ಕೆ.ಆರ್. ಪುರದ ಆಚೆಯ ಹಳ್ಳಿಯಿಂದ ಬಂದಿದ್ದ ಮುನಿಶಾಮಪ್ಪನವರು ಕಾಫಿ ಲೋಟ ಕೆಳಗಿಟ್ಟು, "ಹುಡುಗಿ ಕೆಲಸಕ್ಕೆ ಹೋಗ್ತದಂತಲ್ಲ, ಏನು ಕೆಲಸ?" ಅಂದರು.

"ಗಿಡಕ್ಕೆ ರೋಗ ಬರ್ಸೋದು," ಅಂದೆ.

ನಮ್ಮ ಮನೆಮಾತು ಕನ್ನಡವೇ ಆದರೂ ಅಮ್ಮನಿಗೆ ಸಿಟ್ಟು ಬಂದಾಗ ಬೀದಿಯ ತಮಿಳು ನಾಲಿಗೆಗೆ ಬರುತ್ತಿತ್ತು. ಅಡುಗೆಮನೆಯಿಂದ ಆವತ್ತು ಬಂದದ್ದೆಲ್ಲ ತಮಿಳೇ.

"ಹೋಗ್ಸೋದಲ್ವಾ?" ಅಂದರು ಮುನಿಶಾಮಪ್ಪನವರು.

"ಅದಕ್ಕೆ ಬೇರೆಯವರಿದ್ದಾರೆ. ನಾವು ಬರ್ಸಿ ನೋಡಿದ್ರೆ ತಾನೇ ಯಾವ ಗಿಡ ತಡ್ಕೊಳ್ಳುತ್ತೆ ಅಂತ ಗೊತ್ತಾಗೋದು?"

ಅವರು ತಲೆಯ ಮೇಲಿನ ಟವೆಲ್ ತೆಗೆದು, ಮಡಿಸಿ, ಮತ್ತೆ ಹಾಕಿಕೊಂಡರು. "ಸರಿ ಕಣಮ್ಮ. ಆದ್ರೆ ನಮ್ಮ ಹೊಲದ ತಾವ ಕಾಲು ತೊಳ್ಕೊಂಡು ಬರ್ಬೇಕು, ಅಷ್ಟೇಯ."

ಹಾಗೆ ನಾನು ಆ ಮನೆಗೆ ಸೊಸೆಯಾದೆ. ಸಸ್ಯರೋಗದ ಪ್ರಯೋಗಾಲಯಕ್ಕೆ ಈಗ ಹೊಸದಾಗಿ ಸೇರುತ್ತಿರುವವರು ನನ್ನನ್ನು ಕಂಡಾಗ, "ಸುಗುಣಾ ಮೇಡಂ, ಆಗ ಹೇಗಿತ್ತು?" ಎಂದು ಕೇಳುತ್ತಾರೆ. ಸೇರಿದ್ದು ಸಹಾಯಕಿಯಾಗಿ, ನಿವೃತ್ತಿಯಾದದ್ದು ಹಿರಿಯ ಸಹಾಯಕಿಯಾಗಿ. ಆ ವಿಷಯ ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಹೇಳುತ್ತೇನೆ. ಅದರಲ್ಲಿ ನನ್ನ ತಪ್ಪೊಂದು ಬಹಳ ದೊಡ್ಡದಾಗಿದೆ. ಅದನ್ನು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ನಮ್ಮದು ರಾಗಿಯ ಬೆಂಕಿ ರೋಗದ ವಿಭಾಗ. ಬೆಂಕಿ ಎಂದರೆ ಉರಿಯುವ ಬೆಂಕಿಯಲ್ಲ, ಒಂದು ಶಿಲೀಂಧ್ರ. ನಮ್ಮ ಕಡೆ ಮಾತಿನಲ್ಲಿ ಬೂಷ್ಟು. ಎಲೆಯ ಮೇಲೆ ನೂಲುವ ಕದಿರಿನ ಆಕಾರದ ಚುಕ್ಕೆ, ನಡುವೆ ಬೂದಿ, ಸುತ್ತ ಕಂದು. ಅದು ತೆನೆಯ ಕುತ್ತಿಗೆಗೆ ಹಿಡಿದರೆ ಕುತ್ತಿಗೆ ಕಪ್ಪಾಗಿ, ತೆನೆಯೆಲ್ಲ ಜೊಳ್ಳು. ಆ ಬೂಷ್ಟನ್ನು ಗಾಜಿನ ನಳಿಗೆಯಲ್ಲಿ ಸಾಕುವುದು, ಬೇಕಾದಾಗ ಅದರ ಪುಡಿಯನ್ನು ನೀರಿಗೆ ಕಲಸಿ ಹೊಸ ಹೊಸ ರಾಗಿ ತಳಿಗಳ ಮೇಲೆ ಸಿಂಪಡಿಸುವುದು, ಗೋಣಿತಾಟು ಒದ್ದೆ ಮಾಡಿ ಹೊದಿಸುವುದು, ವಾರ ಕಳೆದ ಮೇಲೆ ಯಾವ ಗಿಡ ಎಷ್ಟು ಕೆಟ್ಟಿದೆ ಎಂದು ಸೊನ್ನೆಯಿಂದ ಒಂಬತ್ತರವರೆಗೆ ಅಂಕ ಹಾಕುವುದು. ಶಾಲೆಯಲ್ಲಿ ಒಂಬತ್ತು ಬಂದರೆ ಹೊಗಳುತ್ತಾರೆ. ನಮ್ಮಲ್ಲಿ ಒಂಬತ್ತು ಬಂದ ಗಿಡ ತಿಪ್ಪೆಗೆ.

ಬೂಷ್ಟಿನ ಊಟ ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಅದು ಗಟ್ಟಿಯಾಗಲು ಅಗರ್. ಹಲಸೂರು ಮಾರ್ಕೆಟ್ಟಿನಿಂದ ಆಲೂಗಡ್ಡೆ ತರುವುದು ನನ್ನ ಪಾಲು. ನೀರು ಬೂಷ್ಟಿಗೆ ಹೋದರೆ ಬೆಂದ ಆಲೂಗಡ್ಡೆ ಏನಾಗುತ್ತಿತ್ತು ಎಂದು ಯಾವ ವರದಿಯಲ್ಲೂ ಬರೆದಿಲ್ಲ. ನಮ್ಮ ವಿಭಾಗದಲ್ಲಿ ಪಲ್ಯ ಚೆನ್ನಾಗಿರುತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಒಂದು ಸಲ ಅಗರ್ ಮುಗಿದುಹೋಯಿತು. ಸರಬರಾಜಿಗೆ ಕಾಗದ ಬರೆದರೆ ಎರಡು ತಿಂಗಳು. ಅಷ್ಟರಲ್ಲಿ ಬೂಷ್ಟು ಉಪವಾಸ ಸಾಯುತ್ತದೆ. ಆಗ ನೆನಪಾದದ್ದು ಶಿವಾಜಿನಗರ. ಅಲ್ಲಿ ರಂಜಾನ್ ತಿಂಗಳಲ್ಲಿ ಸಿಹಿ ಮಾಡಲು ಮಾರುವ ಚೈನಾ ಗ್ರಾಸ್ ಎಂಬ ಬಿಳಿ ಎಳೆಗಳೂ ಅಗರೂ ಒಂದೇ, ಎರಡೂ ಕಡಲ ಪಾಚಿಯ ಸಾರ. ಹೋಗಿ ಅಂಗಡಿಯಲ್ಲಿದ್ದ ಕಟ್ಟುಗಳನ್ನೆಲ್ಲ ಕೇಳಿದೆ. ಅಂಗಡಿಯ ಬಷೀರ್ ಸಾಬರಿಗೆ ಆಶ್ಚರ್ಯ.

"ಎಷ್ಟು ಜನಕ್ಕಮ್ಮಾ ಮಾಡೋದು?"

"ಲೆಕ್ಕ ಇಲ್ಲ ಸಾಬ್ರೇ. ಕೋಟಿಗಟ್ಲೆ."

"ಅರೆ ಅಲ್ಲಾ! ಯಾರ ಮನೆ ದಾವತ್ತು?"

"ಬೂಷ್ಟಿನ ಮನೇದು."

ಅವರು ನನ್ನನ್ನೇ ನೋಡಿದರು. ಆಮೇಲೆ ಬಹಳ ಮರುಕದಿಂದ ಒಂದು ಸಣ್ಣ ಶೀಶೆ ಗುಲಾಬಿ ಶರಬತ್ತನ್ನು ಪುಕ್ಕಟೆ ಕೊಟ್ಟು, "ಇದೂ ಹಾಕಿ, ಪಾಪ, ಅವ್ರೂ ತಿನ್ಲಿ," ಅಂದರು. ಹಾಕಲಿಲ್ಲ. ಹಾಕಬೇಕೆನಿಸಿದ್ದು ನಿಜ.

ನಮ್ಮ ವಿಭಾಗದ ಮುಖ್ಯಸ್ಥರು ನಾಗಭೂಷಣ ಸಾರ್. ಎತ್ತರದ ಮನುಷ್ಯ, ಇಸ್ತ್ರಿ ಮಾಡಿದ ತೋಳು, ಎರಡು ಕನ್ನಡಕ. ದೂರದ್ದೊಂದು, ಹತ್ತಿರದ್ದೊಂದು. ಯಾವಾಗಲೂ ಬೇಕಾದದ್ದು ಇನ್ನೊಂದು ಕೋಣೆಯಲ್ಲಿರುತ್ತಿತ್ತು. ಒಳ್ಳೆಯವರು, ಓದಿದವರು. ಒಂದೇ ಕಷ್ಟ, ನೋಡುವ ಮೊದಲೇ ಅವರಿಗೆ ಎಲ್ಲ ಗೊತ್ತಿರುತ್ತಿತ್ತು.

ಶನಿವಾರಗಳಲ್ಲಿ ಊರಿನವರು ರೋಗ ಬಂದ ಗಿಡ ತಂದು ತೋರಿಸಬಹುದಿತ್ತು. ಇಂದಿರಾನಗರದ ಒಬ್ಬ ನಿವೃತ್ತ ವಿಮಾ ಅಧಿಕಾರಿ ಗುಲಾಬಿ ಕುಂಡವನ್ನು ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಬಂದರು. ಎಲೆಗಳ ಮೇಲೆ ಬಿಳಿ ಪುಡಿ. ಸಾರ್ ಬಾಗಿಲಿನಿಂದಲೇ, "ಬೂದಿ ರೋಗ," ಎಂದು ಆರಂಭಿಸಿದರು. ಆ ಬೂಷ್ಟು ಎಲೆಯ ಜೀವಕೋಶದೊಳಗೆ ಹೀರುಬೇರು ಇಳಿಸುವುದು, ಜೀವಂತ ಎಲೆಯಿಂದಲೇ ಊಟ ಕದಿಯುವುದು, ಗಿಡ ಸಾಯದಂತೆ ನೋಡಿಕೊಳ್ಳುವ ಅದರ ಜಾಣತನ, ಎಲ್ಲ ಅರ್ಧ ಗಂಟೆ. ಬಂದವರು ಪುಸ್ತಕದಲ್ಲಿ ಬರೆದುಕೊಂಡರು. ನಾನು ಮೆಲ್ಲಗೆ ಎಲೆಯ ಮೇಲೆ ಬೆರಳಾಡಿಸಿ ಮೂಸಿದೆ.

"ಸಾರ್, ನಿಮ್ಮ ಪಕ್ಕದ ಮನೇಲಿ ಏನಾದ್ರೂ ಕೆಲಸ ನಡೀತಿದ್ಯಾ?" ಎಂದು ಕುಂಡ ತಂದವರನ್ನು ಕೇಳಿದೆ.

"ಹೌದಮ್ಮ, ಗೋಡೆಗೆ ಪುಟ್ಟಿ ಹೊಡೆದು ಉಜ್ತಿದ್ದಾರೆ, ಎಲ್ಲ ಕಡೆ ಬಿಳಿ ಧೂಳು."

ನಾಗಭೂಷಣ ಸಾರ್ ಹತ್ತಿರದ ಕನ್ನಡಕ ಹುಡುಕಲು ಒಳಗೆ ಹೋದವರು ಆ ಶನಿವಾರ ಹೊರಗೆ ಬರಲೇ ಇಲ್ಲ. ನಾನು ಅದನ್ನು ಕ್ಯಾಂಟೀನಿನಲ್ಲಿ ಒಂದು ತಿಂಗಳು ಹೇಳಿಕೊಂಡು ತಿರುಗಿದೆ. ಅವರು ನೋಡುವುದಿಲ್ಲ, ನಾನು ನೋಡುತ್ತೇನೆ ಎಂಬ ಜಂಬ. ಅದು ಇಳಿಯುವ ಕಾಲ ಮುಂದೆ ಬಂತು.

ಸಾರ್ ಹನ್ನೆರಡು ವರ್ಷ ದುಡಿದು ಒಂದು ರಾಗಿ ತಳಿ ಮಾಡಿದ್ದರು. ಅದಕ್ಕೆ ನಾವು ಇಟ್ಟ ಹೆಸರು ವಜ್ರಕಾಯ. ವರ್ಷ ವರ್ಷವೂ ನಾನು ನಮ್ಮ ಬೂಷ್ಟನ್ನು ಸಿಂಪಡಿಸುವುದು, ವರ್ಷ ವರ್ಷವೂ ವಜ್ರಕಾಯಕ್ಕೆ ಸೊನ್ನೆ. ಮುಂದಿನ ಮಳೆಗಾಲಕ್ಕೆ ಜಿಲ್ಲೆ ಜಿಲ್ಲೆಯ ರೈತರಿಗೆ ಅದರ ಬೀಜ ಕೊಡುವುದು ಬಹುಮಟ್ಟಿಗೆ ತೀರ್ಮಾನವಾಗಿತ್ತು. ಅದಕ್ಕೆ ಮೊದಲು ಕೆಲವು ಹೊಲಗಳಲ್ಲಿ ಬೆಳೆದು ನೋಡಬೇಕಲ್ಲ, ಹಾಗೆ ನಮ್ಮ ಮಾವನವರಿಗೂ ಒಂದು ಸೇರು ಬೀಜ ಸಿಕ್ಕಿತು. ಅವರ ಜಮೀನೆಲ್ಲ ಬಡಾವಣೆಯಾಗಿ, ಅಪಾರ್ಟ್‌ಮೆಂಟುಗಳ ಬೆನ್ನಿಗೆ ಅರ್ಧ ಎಕರೆ ಮಾತ್ರ ಉಳಿದಿತ್ತು. ಬಾಡಿಗೆ ಬರುವ ಮನೆಗಳಿದ್ದರೂ ಮುದ್ದೆ ಮಾತ್ರ ತಮ್ಮ ಹೊಲದ ರಾಗಿಯದೇ ಆಗಬೇಕು ಎನ್ನುವ ಹಟ ಅವರದು.

ಒಂದು ಭಾನುವಾರ ಬೆಳಗ್ಗೆ ಜಿಟಿಜಿಟಿ ಮಳೆ ನಿಂತಿತ್ತು. ಮಾವ ಕೈಯಲ್ಲಿ ನಾಲ್ಕು ಎಲೆ ಹಿಡಿದು ಬಂದು, ತಿಂಡಿ ತಿನ್ನುತ್ತಿದ್ದ ನನ್ನ ತಟ್ಟೆಯ ಪಕ್ಕದಲ್ಲಿಟ್ಟರು.

"ನಿಮ್ ಸಾಹೇಬ್ರ ರಾಗಿಗೆ ಕಣ್ಣು ಬಂದದೆ ನೋಡಮ್ಮ."

ಕದಿರಿನಾಕಾರದ ಚುಕ್ಕೆಗಳು. ನಡುವೆ ಬೂದಿ, ಸುತ್ತ ಕಂದು. ಇಡ್ಲಿ ಅಲ್ಲೇ ಬಿಟ್ಟು ಎದ್ದೆ.

ಹೊಲಕ್ಕೆ ಓಡಿದೆ. ಒಂದು ಮೂಲೆಯ ಗಿಡಗಳಿಗೆಲ್ಲ ಹಿಡಿದಿತ್ತು. ನನಗೆ ಮೊದಲು ಬಂದ ಯೋಚನೆ ತಳಿಯದಲ್ಲ, ನನ್ನ ಚಪ್ಪಲಿಯದು. ಪ್ರಯೋಗಾಲಯದಿಂದ ಹೊರಡುವಾಗ ಚಪ್ಪಲಿ ಬದಲಿಸಬೇಕು, ಕೈಕಾಲು ತೊಳೆಯಬೇಕು ಎಂಬುದು ನಿಯಮ. ಬಸ್ಸು ತಪ್ಪುತ್ತದೆಂದು ಎಷ್ಟು ಸಲ ಹಾಗೇ ಓಡಿಬಂದಿದ್ದೆನೋ! ಮದುವೆಗೆ ಮೊದಲೇ ಮಾವ ಕೇಳಿದ್ದ ಒಂದೇ ಒಂದು ಮಾತು ಅದು. ಆವತ್ತು ಅವರ ಮುಖ ನೋಡಲಾಗಲಿಲ್ಲ.

ಅದೇ ದಿನ ಅಮ್ಮನನ್ನು ನೋಡಲು ಮರ್ಫಿ ಟೌನಿಗೆ ಹೊರಟಿದ್ದೆ. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಕೂತಲ್ಲೇ ಇದ್ದಕ್ಕಿದ್ದಂತೆ ಹೊಳೆಯಿತು. ನಮ್ಮ ಬೂಷ್ಟು ವಜ್ರಕಾಯವನ್ನು ಎಂದೂ ಮುಟ್ಟಿಲ್ಲವಲ್ಲ! ನನ್ನ ಚಪ್ಪಲಿಗೆ ಅಂಟಿ ಬಂದದ್ದಾದರೆ ಆ ಗಿಡಕ್ಕೆ ಚುಕ್ಕೆ ಹೇಗೆ ಬರುತ್ತದೆ? ಇದು ಬೇರೆ. ಹೊರಗೆ ಬೆಳೆದದ್ದು.

ಎದೆ ಹಗುರಾಯಿತು. ಟಿನ್ ಫ್ಯಾಕ್ಟರಿ ದಾಟುವಷ್ಟರಲ್ಲಿ ಮತ್ತೆ ಭಾರವಾಯಿತು. ಹಾಗಾದರೆ ಹೊರಗಿನದು ಗೆದ್ದ ಗಿಡದ ಮುಂದೆ ನಮ್ಮ ಬೂಷ್ಟು ಯಾಕೆ ಅಷ್ಟು ನಿಶ್ಶಕ್ತ? ಉತ್ತರ ನನಗೊಬ್ಬಳಿಗೇ ಗೊತ್ತಿತ್ತು.

ನೋಡಿ ಮಕ್ಕಳೇ, ಗಾಜಿನಲ್ಲಿ ಸಾಕಿದ ಬೂಷ್ಟನ್ನು ವರ್ಷಕ್ಕೊಮ್ಮೆಯಾದರೂ ನಿಜವಾದ ಗಿಡಕ್ಕೆ ಹತ್ತಿಸಿ, ರೋಗ ಬರಿಸಿ, ಅಲ್ಲಿಂದ ಮತ್ತೆ ಹೊರತೆಗೆಯಬೇಕು. ಇಲ್ಲದಿದ್ದರೆ ಅದು ಕಾದಾಡುವುದನ್ನು ಮರೆಯುತ್ತದೆ. ಎಲೆಯನ್ನು ಒಡೆಯುವುದು ಸುಲಭದ ಕೆಲಸವಲ್ಲ. ಬೂಷ್ಟಿನ ಒಂದು ಕಣ ಇಬ್ಬನಿಯಲ್ಲಿ ಎಲೆಗೆ ಅಂಟಿಕೊಂಡು, ಮೊಳೆತು, ತುದಿಯಲ್ಲಿ ಗುಮ್ಮಟದಂಥ ಕಪ್ಪು ಗಂಟು ಕಟ್ಟುತ್ತದೆ. ಅದರೊಳಗೆ ಒತ್ತಡ ಏರುತ್ತಾ ಏರುತ್ತಾ ಲಾರಿ ಟೈರಿನ ಗಾಳಿಯನ್ನೂ ಎಷ್ಟೋ ಪಾಲು ಮೀರಿಸುತ್ತದೆ. ಆಗ ಕೆಳಗಿನಿಂದ ಒಂದು ಸೂಜಿಮೊಳೆ ಎಲೆಯನ್ನು ತೂತು ಮಾಡಿ ಒಳನುಗ್ಗುತ್ತದೆ. ಆಲೂಗಡ್ಡೆ ನೀರಿನಲ್ಲಿ ತೂತು ಮಾಡುವುದಕ್ಕೆ ಏನಿದೆ? ಕೂತಲ್ಲೇ ಊಟ. ನಮ್ಮ ಬೂಷ್ಟು ಗರಡಿ ಬಿಟ್ಟು ಹೋಟೆಲಿನಲ್ಲಿ ಕೂತ ಪೈಲ್ವಾನನಾಗಿತ್ತು.

ಗಿಡಕ್ಕೆ ಹತ್ತಿಸುವ ಆ ಕೆಲಸ ನನ್ನದು. ಮಗನ ಎಸ್ಸೆಸ್ಸೆಲ್ಸಿ ವರ್ಷ ಒಂದು ಸಲ ಬಿಟ್ಟೆ. ಏನೂ ಆಗಲಿಲ್ಲ. ಮರುವರ್ಷವೂ ಬಿಟ್ಟೆ. ಹಾಗೆ ಆರು ವರ್ಷ. ದಫ್ತರಿನಲ್ಲಿ ಮಾತ್ರ ಪ್ರತಿ ವರ್ಷ "ಗಿಡದ ಮೂಲಕ ಹಾಯಿಸಲಾಗಿದೆ" ಎಂದು ಮುದ್ದಾದ ಅಕ್ಷರದಲ್ಲಿ ಬರೆದಿದ್ದೆ. ವಜ್ರಕಾಯ ಗೆದ್ದದ್ದು ಇಂಥ ಪೈಲ್ವಾನನ ಮೇಲೆ.

ಸುಮ್ಮನಿರಬಹುದಿತ್ತು. ಅರ್ಧ ಎಕರೆ, ಒಬ್ಬ ಮುದುಕ, ನಾಲ್ಕು ಎಲೆ. ಆದರೆ ಮುಂದಿನ ವರ್ಷ ಆ ಬೀಜ ಹೋಗುವ ಹೊಲಗಳವರಿಗೆ ಬಾಡಿಗೆ ಮನೆಗಳಿರುವುದಿಲ್ಲ.

ಸೋಮವಾರ ಸಾರ್‌ಗೆ ಎಲೆ ತೋರಿಸಿದೆ. ದೂರದ ಕನ್ನಡಕದಲ್ಲೇ ನೋಡಿದರು. "ಬೀಜ ಕಲಬೆರಕೆ ಆಗಿದೆ ಕಣ್ರೀ. ನಿಮ್ಮ ಮಾವ ಅಂಗಡಿ ರಾಗಿ ಸೇರ್ಸಿರ್ತಾರೆ."

"ಇಲ್ಲ ಸಾರ್, ಅವರು..."

"ಸುಗುಣಾ, ನನಗೆ ನನ್ನ ಗಿಡ ಗೊತ್ತಿಲ್ವಾ?"

ಸರಿ, ಗೊತ್ತಿದೆಯೋ ಇಲ್ಲವೋ ನೋಡೇಬಿಡೋಣ ಅಂದುಕೊಂಡೆ. ನನ್ನೊಳಗಿನ ತುಂಟಿ ಎದ್ದು ಕೂತಳು.

ಹೊಲದ ಎಲೆಗಳಿಂದ ಹೊಸ ಬೂಷ್ಟನ್ನು ಬೇರ್ಪಡಿಸಿದೆ. ಕುಂಡಗಳಲ್ಲಿ ವಜ್ರಕಾಯವನ್ನೂ ಎರಡು ಸಾಧಾರಣ ತಳಿಗಳನ್ನೂ ಬೆಳೆಸಿ ಎರಡು ಸಾಲು ಮಾಡಿದೆ. ಒಂದು ಸಾಲಿಗೆ ಹೊಲದ ಬೂಷ್ಟು, ಇನ್ನೊಂದಕ್ಕೆ ನಮ್ಮ ಕೊಬ್ಬಿದ ಪೈಲ್ವಾನ್. ತಳಿಯ ಹೆಸರನ್ನು ಕುಂಡದ ತಳದಲ್ಲಿ ಬರೆದು, ಮೇಲೆ ಬರೀ ಸಂಖ್ಯೆ ಅಂಟಿಸಿದೆ. ಸಿಂಪಡಿಸಿದ ಏಳನೇ ದಿನ ಸಾರ್ ಹತ್ತಿರ ಹೋಗಿ, "ಅಂಕ ಹಾಕ್ಕೊಡ್ತೀರಾ ಸಾರ್? ನನ್ನ ಕಣ್ಣು ಯಾಕೋ ಮಂಜು," ಅಂದೆ. ಹತ್ತಿರದ ಕನ್ನಡಕವನ್ನು ನಾನೇ ಹುಡುಕಿ ಕೈಗೆ ಕೊಟ್ಟೆ.

ಮೊದಲ ಕುಂಡಕ್ಕೆ ಐದು ಹಾಕಿದರು. ಎರಡನೆಯದಕ್ಕೆ ಆರು. ಮೂರನೆಯದರ ಮುಂದೆ ನಿಂತು ಮೂಗು ಮುರಿದರು.

"ಇದ್ಯಾವ ದರಿದ್ರ ತಳೀರೀ? ಒಂಬತ್ತು. ಹತ್ತಿದ್ರೆ ಹತ್ತು ಹಾಕ್ತಿದ್ದೆ. ಇದನ್ನ ಯಾವನು ಮಾಡಿದ್ದು? ಕೋಳಿಗೂ ಹಾಕಬಾರದು."

ನಾನು ಕುಂಡವನ್ನು ಎತ್ತಿ ತಳ ತೋರಿಸಿದೆ.

ಇದಕ್ಕಾಗಿ ಒಂದು ತಿಂಗಳು ಕಾದಿದ್ದೆ. ಅವರ ಮುಖ ಹೇಗಾಗುತ್ತದೆ, ಕ್ಯಾಂಟೀನಿನಲ್ಲಿ ಹೇಗೆ ಹೇಳಬೇಕು, ಎಲ್ಲ ಯೋಚಿಸಿಟ್ಟಿದ್ದೆ. ಅವರು ಓದಿದರು. ಕನ್ನಡಕ ತೆಗೆದರು. ಒರೆಸಿ ಮತ್ತೆ ಓದಿದರು. ಆಮೇಲೆ ಮಣ್ಣು ಮೆತ್ತಿದ ಸ್ಟೂಲಿನ ಮೇಲೆ ಆ ಇಸ್ತ್ರಿ ಬಟ್ಟೆಯಲ್ಲೇ ಕೂತುಬಿಟ್ಟರು. ನನಗೆ ನಗು ಬರಲಿಲ್ಲ.

ಎರಡನೇ ಸಾಲನ್ನು ಅವರೇ ಎದ್ದು ನೋಡಿದರು. ಅಲ್ಲಿ ವಜ್ರಕಾಯಕ್ಕೆ ಸೊನ್ನೆ. ಸಾಧಾರಣ ತಳಿಗಳಿಗೂ ಒಂದೋ ಎರಡೋ.

"ಇವಕ್ಕೂ ಸರಿಯಾಗಿ ಬರ್ತಿಲ್ವಲ್ರೀ," ಅಂದರು. ನಿಧಾನವಾಗಿ ತಿರುಗಿದರು. "ನಮ್ಮ ಬೂಷ್ಟನ್ನ ಗಿಡಕ್ಕೆ ಹಾಯ್ಸಿದ್ದು ಯಾವಾಗ?"

"ದಫ್ತರಿನಲ್ಲಿ ಹೋದ ವರ್ಷ ಅಂತಿದೆ ಸಾರ್."

"ದಫ್ತರಿನಲ್ಲಿ ಬೇಡ."

"ಆರು ವರ್ಷ ಆಯ್ತು ಸಾರ್."

ಬೈಯಲಿ ಎಂದು ಕಾದೆ. ಅವರು ದಫ್ತರು ತರಿಸಿದರು. ಆರು ವರ್ಷದ ಆರು ಸಾಲುಗಳ ಕೆಳಗೂ ನನ್ನ ಸಹಿ, ಅದರ ಪಕ್ಕದಲ್ಲಿ "ಪರಿಶೀಲಿಸಲಾಗಿದೆ" ಎಂದು ಅವರ ಸಹಿ. ತಮ್ಮ ಸಹಿಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು.

"ನೀವು ಮಾಡ್ಲಿಲ್ಲ, ನಾನು ನೋಡ್ಲಿಲ್ಲ," ಅಂದರು. "ಬೂಷ್ಟೊಂದೇ ಪ್ರಾಮಾಣಿಕವಾಗಿ ಕೆಲಸ ಮಾಡಿರೋದು. ಹೊರಗಡೆ."

ವಜ್ರಕಾಯವನ್ನು ಅವರೇ ವಾಪಸು ತೆಗೆದುಕೊಂಡರು. ಕಾರಣವನ್ನು ಮುಚ್ಚಿಡದೆ, ತಮ್ಮ ಹೆಸರನ್ನು ಮೊದಲು ಬರೆದು. ಹನ್ನೆರಡು ವರ್ಷದ ದುಡಿಮೆ ಒಂದು ಪುಟದ ಕಾಗದದಲ್ಲಿ ಮುಗಿಯಿತು. ಅದನ್ನು ಸಭೆಗೆ ಒಪ್ಪಿಸಿ ಬಂದವರು ಮೂರು ದಿನ ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ನನಗೊಂದು ಮೆಮೊ ಬಂತು. ಅದನ್ನು ಬರೆದವರೂ ಅವರೇ. ಉತ್ತರ ಹೇಗೆ ಬರೆಯಬೇಕೆಂದು ಕೂರಿಸಿ ಹೇಳಿಕೊಟ್ಟವರೂ ಅವರೇ. ನಾನು ಬರೆದದ್ದರಲ್ಲಿ ಎರಡು ಕಾಗುಣಿತ ತಪ್ಪು ತಿದ್ದಿ, ಆಮೇಲೆ ಗಂಭೀರವಾಗಿ "ಉತ್ತರ ಸಮರ್ಪಕವಾಗಿಲ್ಲ" ಎಂದು ಷರಾ ಬರೆದರು. ಗುಲಾಬಿ ಕುಂಡದ ಕಥೆಯನ್ನು ನಾನು ಮತ್ತೆ ಕ್ಯಾಂಟೀನಿನಲ್ಲಿ ಹೇಳಲಿಲ್ಲ.

ಸಭೆಯಾದ ನಾಲ್ಕನೆಯ ದಿನ ಸಾರ್ ನಮ್ಮ ಹೊಲ ನೋಡಬೇಕೆಂದರು. ಕರೆದುಕೊಂಡು ಹೋದೆ. ಮಾವ ಬದುವಿನ ಮೇಲೆ ಕೂತು ಹಸುವಿಗೆ ಹುಲ್ಲು ಕೊಯ್ಯುತ್ತಿದ್ದರು. ಅಷ್ಟು ಹೊತ್ತಿಗೆ ರೋಗ ತೆನೆಯ ಕುತ್ತಿಗೆಗೂ ಏರಿತ್ತು.

"ನಮ್ಮಿಂದ ನಿಮ್ಮ ಬೆಳೆ ಹೋಯ್ತು, ಕ್ಷಮಿಸ್ಬೇಕು," ಅಂದರು ಸಾರ್.

"ಅದಿರ್ಲಿ ಕೂತ್ಕೊಳ್ಳಿ ಸ್ವಾಮಿ. ಹುಲ್ಲೇನೋ ಚೆನ್ನಾಗೈತೆ, ಹಸ ಬೇಜಾರು ಮಾಡ್ಕೊಂಡಿಲ್ಲ. ಒಂದು ಹೇಳಿ, ವಜ್ರ ಅಂತಿದ್ರಲ್ಲ, ಅದು ಹೆಂಗೆ ಒಡೀತು?"

ಸಾರ್ ದೊಡ್ಡ ದೊಡ್ಡ ಪದಗಳಲ್ಲಿ ಆರಂಭಿಸಿದರು. ಮಾವನ ಹುಬ್ಬು ಏರುತ್ತಾ ಹೋಯಿತು. ನಾನು ನಡುವೆ ಬಾಯಿ ಹಾಕಿ ಎದುರಿನ ಅಪಾರ್ಟ್‌ಮೆಂಟಿನ ಗೇಟು ತೋರಿಸಿದೆ.

"ಮಾವ, ಅಲ್ಲಿ ವಾಚ್‌ಮನ್ ಇದ್ದಾನಲ್ಲ. ಗಿಡದೊಳಗೂ ಹಂಗೇ ಕಾವಲುಗಾರರಿರ್ತಾರೆ. ಬೂಷ್ಟು ಒಳಗೆ ಬಂದು ಗಿಡವನ್ನ ಮಂಕು ಮಾಡೋಕೆ ಒಂದಷ್ಟು ರಸ ಬಿಡುತ್ತೆ. ಅದರಲ್ಲಿ ಒಂದನ್ನ ಈ ಕಾವಲುಗಾರ ಗುರುತು ಹಿಡೀತಾನೆ, ಕಳ್ಳನ್ನ ಅಂಗಿ ಬಣ್ಣದಿಂದ ಗುರುತು ಹಿಡಿದ ಹಂಗೆ. ಹಿಡಿದ ತಕ್ಷಣ ಸುತ್ತ ಇರೋ ಜಾಗವನ್ನೆಲ್ಲ ಗಿಡವೇ ಸಾಯಿಸ್ಬಿಡುತ್ತೆ. ಬೂಷ್ಟು ಅಲ್ಲೇ ಊಟ ಇಲ್ದೆ ಸಾಯುತ್ತೆ. ನಮಗೆ ಎಲೆ ಮೇಲೆ ಒಂದು ಸಾಸಿವೆಯಷ್ಟು ಕಲೆ ಕಂಡ್ರೆ ಹೆಚ್ಚು."

"ಮತ್ತೆ ಇದು?"

"ಇದು ಅಂಗಿ ಬಿಚ್ಚಿಟ್ಟು ಬಂತು. ಆ ಒಂದು ರಸ ಬಿಡೋದನ್ನ ನಿಲ್ಲಿಸ್ತೋ, ಬದಲಾಯಿಸ್ತೋ. ಕಾವಲುಗಾರನಿಗೆ ಗೊತ್ತೇ ಆಗ್ಲಿಲ್ಲ."

ಮಾವ ಕುಡುಗೋಲು ಪಕ್ಕಕ್ಕಿಟ್ಟು ಗೇಟಿನ ಕಡೆ ನೋಡಿದರು. ಅಷ್ಟರಲ್ಲೇ ಕೆಂಪಂಗಿಯ ಡೆಲಿವರಿ ಹುಡುಗನೊಬ್ಬ ವಾಚ್‌ಮನ್ನನಿಗೆ ಕೈ ಎತ್ತಿ, ನಿಲ್ಲದೆ ಒಳಗೆ ಹೋದ.

"ಅಂದ್ರೆ ನಿಮ್ ಕಾವಲುಗಾರ ಮುಖಾನೇ ನೋಡಾಕಿಲ್ಲ, ಬರೀ ಅಂಗಿ ನೋಡ್ತಾನೆ," ಅಂದರು. "ಅಂಥೋನ್ನ ಒಬ್ಬನ್ನೇ ಬಾಗ್ಲಲ್ಲಿ ನಿಲ್ಸಿದ್ದು ನಿಮ್ ತಪ್ಪಲ್ವಾ ಸ್ವಾಮಿ? ಇಬ್ರು ಮೂವರನ್ನ ನಿಲ್ಸಬೇಕಿತ್ತು, ಒಬ್ಬ ಅಂಗಿ ನೋಡೋನು, ಒಬ್ಬ ನಡಿಗೆ ನೋಡೋನು."

ನಾಗಭೂಷಣ ಸಾರ್ ಅವರನ್ನೇ ದಿಟ್ಟಿಸಿದರು. ಮೂರು ದಿನದ ಮೇಲೆ ಅವರು ನಕ್ಕದ್ದು ಆಗಲೇ. ಮುಂದೆ ಅವರು ನಿವೃತ್ತಿಯಾಗುವವರೆಗೂ ಮಾಡಿದ ಕೆಲಸ ಇದೇ. ಬೇರೆ ಬೇರೆ ತಳಿಗಳ ಎರಡು ಮೂರು ಕಾವಲುಗಳನ್ನು ಒಂದೇ ರಾಗಿಯೊಳಗೆ ಕೂಡಿಸುವುದು. ಅದನ್ನು ಹೇಳಿದವರು ನಮ್ಮ ಮಾವ ಅನ್ನುವುದಿಲ್ಲ, ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದ ದಾರಿ ಅದು. ಮಾವ ಮಾತ್ರ ಹಾಗೆಂದೇ ಊರಲ್ಲೆಲ್ಲ ಹೇಳಿದರು.

ಈಗ ನಿಮಗೆ ಒಳ್ಳೊಳ್ಳೆಯ ಯಂತ್ರಗಳಿವೆ. ಚೂರು ಎಲೆ ಹಾಕಿದರೆ ಮಧ್ಯಾಹ್ನದೊಳಗೆ ಬೂಷ್ಟಿನ ಜಾತಕ ಬರುತ್ತದೆ. ಕಲ್ಯಾಣ ನಗರದ ತಾರಸಿ ತೋಟದವರು ಫೋಟೋ ಕಳಿಸುತ್ತಾರೆ, ನೀವು ಕೂತಲ್ಲೇ ಉತ್ತರ ಕೊಡುತ್ತೀರಿ. ಒಳ್ಳೆಯದೇ. ಆದರೂ ಎಲೆಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿ. ಮಾಡದ ಕೆಲಸವನ್ನು ಮುದ್ದಾದ ಅಕ್ಷರದಲ್ಲಿ ಬರೆಯಬೇಡಿ. ಬರೆಯಲೇಬೇಕೆನಿಸಿದರೆ ಕೆಟ್ಟದಾಗಿ ಬರೆಯಿರಿ, ಯಾರಾದರೂ ಎರಡನೇ ಸಲ ಓದಿಯಾರು.

ಇನ್ನೊಂದು ಸಂಗತಿ ಉಳಿಯಿತು. ಬೇರ್ಪಡಿಸಿದ ಪ್ರತಿ ಹೊಸ ಬೂಷ್ಟಿಗೂ ಒಂದು ಹೆಸರು ಬೇಕು, ಸಾಮಾನ್ಯವಾಗಿ ಸಿಕ್ಕಿದ ಊರಿನ ಹೆಸರು. ಆದರೆ ನಮ್ಮೂರು ಎಂಬ ಊರೇ ಆ ವೇಳೆಗೆ ಇರಲಿಲ್ಲ, ಬಡಾವಣೆಯ ಅಡ್ಡರಸ್ತೆಯ ನಂಬರು ಮಾತ್ರ ಇತ್ತು. ಸಾರ್ ಸ್ವಲ್ಪ ಯೋಚಿಸಿ, ನಳಿಗೆಯ ಮೇಲೆ "ಮುನಿಶಾಮಪ್ಪ-೧" ಎಂದು ಬರೆದರು. ಹೇಳಿದಾಗ ಮಾವನಿಗೆ ಹಿಡಿಸಲಾರದ ಸಂತೋಷ. ಕೆ.ಆರ್. ಪುರದ ಸಂತೆಯಲ್ಲಿ ಸಿಕ್ಕಸಿಕ್ಕವರಿಗೆ, "ಸರ್ಕಾರದ ಫ್ರಿಡ್ಜಿನಾಗೆ ನನ್ನ ಹೆಸರು ಮಡಗವ್ರೆ," ಅನ್ನುತ್ತಿದ್ದರು. ಯಾವುದಕ್ಕೆ ಆ ಹೆಸರು ಎಂದು ಕೇಳಿದರೆ ಮಾತು ಬದಲಿಸುತ್ತಿದ್ದರು.

ಆ ಬೂಷ್ಟನ್ನು ನಾನು ನಿವೃತ್ತಿಯಾಗುವವರೆಗೆ ಒಂದು ವರ್ಷವೂ ತಪ್ಪದೆ ಗಿಡಕ್ಕೆ ಹಾಯಿಸಿದೆ. ಮಾವ ತೀರಿಕೊಂಡ ವರ್ಷವೂ, ತಿಥಿ ಮುಗಿಸಿ ಬಂದ ವಾರ. ಎಲೆಯ ಮೇಲೆ ಚುಕ್ಕೆ ಮೂಡಿದಾಗ ಅಷ್ಟು ಅಳು ಬರುತ್ತದೆಂದು ಅಂದುಕೊಂಡಿರಲಿಲ್ಲ. ಪಕ್ಕದಲ್ಲಿದ್ದ ಹೊಸ ಹುಡುಗಿ ಶಬಾನಾ ಗಾಬರಿಯಾಗಿ ನೀರು ತಂದುಕೊಟ್ಟಳು. ಅವಳಿಗೆ ಎಲ್ಲ ಹೇಳಿದೆ.

ಈಗ ಆ ಕೆಲಸ ಅವಳದು. ಹೋದ ತಿಂಗಳು, ನಾನು ಮಧ್ಯಾಹ್ನದ ಅಡುಗೆಯಲ್ಲಿದ್ದಾಗ ಫೋನು ಬಂತು.

"ಮೇಡಂ, ಮುನಿಶಾಮಪ್ಪನವ್ರು ಈ ಸಲ ಐದನೇ ದಿನಕ್ಕೇ ಬಂದ್ಬಿಟ್ಟಿದ್ದಾರೆ. ಎಲೆ ತುಂಬಾ. ನಾನೇ ಮುಟ್ಟಿ ನೋಡ್ದೆ."

ಹಜಾರದಲ್ಲಿ ಪೇಪರು ಓದುತ್ತಿದ್ದ ಯಜಮಾನರಿಗೆ ಅಲ್ಲಿಂದಲೇ ಕೂಗಿ ಹೇಳಿದೆ:

"ರೀ, ನಿಮ್ಮಪ್ಪ ಚೆನ್ನಾಗಿದ್ದಾರಂತೆ."